ಎಡೆ ಇಟ್ಟು ಮುಚ್ಚಿದ ಬಾಗಿಲು

"ಎಸರಿಡಿದು ಕರೆದ್ರೆ ಬಂದೇ ಬರ್ತಾಳೆ ಕಣಪ್ಪಾ. ನಿನ್ ಪರೀಕ್ಷೆಗೆ ಕರೆದ್ಯೋ, ಅಬ್ಬಕ್ಕೆ ಕರೆದ್ಯೋ, ಅವಳಿಗೇನ್ ಗೊತ್ತಾಗ್ತದೆ?" ಎಂದಳು ಅಕ್ಕಯ್ಯಮ್ಮ.

ಕಾಶಿನಾಥ ನಕ್ಕ. ಎಪ್ಪತ್ತೊಂಬತ್ತನೇ ಇಸವಿ. ಕೆಂಪಾಪುರದಲ್ಲಿ ಅಕ್ಕಯ್ಯಮ್ಮನ ಮನೆಯ ಹೊರಕೋಣೆಗೆ ಅವನು ಬಾಡಿಗೆಗೆ ಬಂದು ಮೂರು ವರ್ಷವಾಗಿತ್ತು. ಬಾಗಲಕೋಟೆ ಕಡೆಯವನು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ, ಅಂಚೆ ತೆರಪಿನ ಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ. ಕಟ್ಟಿದ್ದ. ಒಂದೇ ಆಚರಣೆಯನ್ನು ಮೂರು ಬಗೆಯ ಸಿದ್ಧಾಂತಗಳಿಂದ ವಿವರಿಸಿ ಬರೆದು ಕಳಿಸಬೇಕಿತ್ತು. ಅವನು ಆರಿಸಿಕೊಂಡದ್ದು ಅಕ್ಕಯ್ಯಮ್ಮ ವರ್ಷಕ್ಕೊಮ್ಮೆ ಗೋಪಾಲಮ್ಮನಿಗೆ ಇಡುವ ಎಡೆಯನ್ನು. ಗೋಪಾಲಮ್ಮ ಎಂದರೆ ಅಕ್ಕಯ್ಯಮ್ಮನ ಗಂಡ ಮುನಿನಾರಾಯಣಪ್ಪನ ಮೊದಲ ಹೆಂಡತಿ. ತೀರಿಕೊಂಡು ಮೂವತ್ತು ವರ್ಷ. ಎಲೆ ಹಾಕಿ, ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಹೋದವಳು ಉಂಡೇಳುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅದನ್ನು ಕ್ರಮವಾಗಿ ಬರೆದುಕೊಳ್ಳಬೇಕು, ಒಮ್ಮೆ ಸುಮ್ಮನೆ ಮಾಡಿ ತೋರಿಸಿ ಎಂದು ಅವನು ವಾರದಿಂದ ದುಂಬಾಲು ಬಿದ್ದಿದ್ದ.

"ಸುಮ್ನೆ ಅಂದ್ರೆ? ದಿನ ಅಲ್ಲದ ದಿನ ಗೋಪಾಲಕ್ಕನ್ನ ನಾನು ಕರೆಯಾಕಿಲ್ಲ. ಬೇಕಾದ್ರೆ ನಿನ್ನೋಳನ್ನ ಕರ್ಕೋ."

ಅವನ ನಗು ಅಲ್ಲಿಗೇ ನಿಂತಿತು. ಹೆಂಡತಿ ಚಂದ್ರವ್ವ ಇದೇ ಹೊರಕೋಣೆಯಲ್ಲಿ ಕಾಮಾಲೆಯಾಗಿ ತೀರಿಹೋಗಿ ಎರಡು ವರ್ಷ; ಅಂದಿನಿಂದ ಆ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ಮುಂದಿನ ತಿಂಗಳು ಊರಲ್ಲಿ ಅವನ ಎರಡನೇ ಮದುವೆ. ದಿನ ಗೊತ್ತಾದಾಗಿನಿಂದ, ಸ್ನಾನಕ್ಕೆ ನೀರು ತೋಡುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ಬೆನ್ನ ಹಿಂದೆ ಯಾರೋ ಮಾತಿಗೆ ಬಾಯಿ ತೆರೆದು ಸುಮ್ಮನಾದಂತೆ ಅನಿಸುತ್ತಿತ್ತು. ಅವಳನ್ನು ಒಂದು ಮಾತು ಕೇಳದೆ ಇನ್ನೊಬ್ಬಳಿಗೆ ತಾಳಿ ಕಟ್ಟುವುದು ಹೇಗೆ? ಇದೇ ವಿಷಯವನ್ನು ಯಾಕೆ ಆರಿಸಿದೆ ಎಂದು ಪುಣ್ಯಕ್ಕೆ ಅವನನ್ನು ಯಾರೂ ಕೇಳಿರಲಿಲ್ಲ.

"ಆಗ್ಲಿ ಬಿಡ್ರಿ," ಎಂದ.

ಭಾನುವಾರ ಮಧ್ಯಾಹ್ನ ಯಶವಂತಪುರದ ಖಾನಾವಳಿಯಿಂದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದ. ಚಂದ್ರವ್ವ ರಾಗಿ ಮುದ್ದೆ ಕಂಡರೆ ಮುಖ ತಿರುಗಿಸುವವಳು. ಅಕ್ಕಯ್ಯಮ್ಮ ಅವನ ಕೋಣೆಯಲ್ಲೇ ಎಲೆ ಹಾಕಿಸಿ, ದೀಪ ಹಚ್ಚಿಸಿ, ಲೋಟದಲ್ಲಿ ನೀರಿಡಿಸಿ, "ಉಂ, ಕರಿ" ಎಂದಳು.

"ಚಂದ್ರವ್ವಾ..."

ಅಂಗಳದಲ್ಲಿದ್ದವಳನ್ನು ಊಟಕ್ಕೆ ಕೂಗುವ ಹಳೆಯ ದನಿಯೇ ಬಂತು.

ಬಾಗಿಲು ಮುಚ್ಚಿ ಇಬ್ಬರೂ ಜಗಲಿಯ ಮೇಲೆ ಕೂತರು.

"ಈಗೇಳು, ಏನ್ ಬರೀತೀಯ?"

"ಮೂರು ನಮೂನಿ ಅದಾವ್ರಿ ಯವ್ವಾ. ಒಂದನೇದು, ಈ ಎಡಿಯಿಂದ ಮನಿಗೆ ಏನ್ ಕೆಲಸ ಆಗ್ತದ ಅಂತ ಕೇಳ್ತದ."

"ಆಗ್ತದಲ್ಲ! ನಾನು ಬಂದ ಒಸದ್ರಲ್ಲಿ ಅವಳ ಮಕ್ಕಳಿಬ್ರೂ ನನ್ ಮುಖ ನೋಡ್ತಿರ್ಲಿಲ್ಲ. ಅವರವ್ವನಿಗೆ ಎಡೆ ಇಟ್ಟ ದಿನ ದೊಡ್ಡೋನು ನನ್ ಕೈಲಿ ಉಂಡ."

"ಎರಡನೇದು, ಇದರಾಗ ಲಾಭ ಯಾರಿಗೆ, ದುಡಿತ ಯಾರಿಗೆ ಅಂತ ಕೇಳ್ತದ್ರಿ."

"ಅದನ್ ಬರ್ದೋನು ನಮ್ಮನೆ ಕಂಡವ್ನೇ ಬುಡು! ಬೆಳಗಿಂದ ಒಲೆ ಮುಂದೆ ಬೇಯೋಳು ನಾನು. ನಮ್ ಯಜಮಾನ್ರು ಅವಳ ಪಾಲೂ ಸೇರಿಸಿ ಉಂಡು ಮಲಗ್ತಾರೆ."

"ಮೂರನೇದು ನಿಮ್ಮನ್ನ ಕೇಳ್ತದ್ರಿ. ಎಡಿ ಇಡು ಹೊತ್ತಿನ್ಯಾಗ ನಿಮಗ ಅದು ಏನು ಅಂತ."

ಅಕ್ಕಯ್ಯಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅವಳಂದ್ರೆ ಭಯ ಕಣಪ್ಪಾ. ಆದ್ರೂ, ಇವರ ಮೇಲಿನ ಚಾಡಿ ಇನ್ಯಾರ್ ತಾವ ಏಳ್ಲಿ? ಇವರನ್ನ ನನ್ನಷ್ಟು ಕಂಡೋಳು ಅವಳೊಬ್ಳೇ."

ಕಾಶಿನಾಥ ಬರೆದುಕೊಂಡ. ಪುಸ್ತಕದಲ್ಲಿ ಈ ಮೂರೂ ಸಿದ್ಧಾಂತಗಳು ಒಂದರ ಜುಟ್ಟು ಒಂದು ಹಿಡಿದಿದ್ದವು. ಇಲ್ಲಿ ಒಬ್ಬಳೇ ಹೆಂಗಸು ಮೂರಕ್ಕೂ ಹೌದೆಂದಿದ್ದಳು.

"ಸರಿ, ಈಗ ಒಳಗೆ ಅವಳು ಬಂದವಳೋ ಇಲ್ವೋ, ಅದನ್ನ ಯಾವುದು ಕೇಳ್ತದೆ?"

"ಅದನ್ನ ಯಾವುದೂ ಕೇಳಂಗಿಲ್ರಿ."

"ನೀನು?"

ಅವನು ಬಾಗಿಲ ಕಡೆ ತಿರುಗಿದ. ಬಾಗಿಲ ಹಿಂದಿನ ಮೌನ, ಯಾರೋ ಉಣ್ಣುತ್ತಿರುವಾಗ ಮನೆಯಲ್ಲಿ ಇರುವಂಥದ್ದು.

"ನೋಡು, ಒಳಗೋಗಿ ಮದುವೆ ವಿಷ್ಯ ನೀನೇ ಏಳು. ಆಮ್ಯಾಕೆ ಎಲೆ ಮೇಲಿರೋದನ್ನ ತಾಳಿ ಕಟ್ಟಿದೋನೇ ಉಣ್ಬೇಕು. ಚೂರೂ ಬಿಡದೆ ಉಂಡ್ರೆ ಒಪ್ಪಿ ಓಗ್ತಾಳೆ. ಉಳಿಸಿದ್ರೆ ಇಲ್ಲೇ ಉಳೀತಾಳೆ. ಪಾಪ, ಬರೋ ಉಡುಗಿ ಏನ್ ತಪ್ಪು ಮಾಡವ್ಳೆ?"

ಕಾಶಿನಾಥ ಒಳಗಿನವಳಿಗೆ ಸುಳಿವು ಕೊಡುವಂತೆ ಮೂರು ಸಲ ಕೆಮ್ಮಿ ಬಾಗಿಲು ತೆರೆದ. ದೀಪ ಉರಿಯುತ್ತಿತ್ತು. ರೊಟ್ಟಿಯ ಅಂಚು ಒಣಗಿ ಮೇಲೆದ್ದಿತ್ತು. ಎಲೆಯ ಮುಂದೆ ಕೂತು, ಗೋಡೆಯ ಕಡೆ ನೋಡುತ್ತ, ಹುಡುಗಿಯ ಹೆಸರು ಹೇಳಿದ, ಊರು ಹೇಳಿದ, ತನ್ನವ್ವ ಅತ್ತು ಒಪ್ಪಿಸಿದ್ದನ್ನೂ ಹೇಳಿದ. ಹೇಳುತ್ತ ತಿಂದ.

"ಎಲ್ಲಾ ಉಂಡ್ಯಾ?" ಅಕ್ಕಯ್ಯಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಹೂನ್ರಿ ಯವ್ವಾ. ಎಲ್ಲಾ."

ಅವಳು ಎಲೆ ಮಡಿಸಿಕೊಂಡು ದನದ ಮುಂದೆ ಹಾಕಲು ಹೋದಳು. ಕಾಶಿನಾಥ ಎಡಗೈಯ ಮುಷ್ಟಿ ಬಿಡಿಸಿ, ಅದರೊಳಗಿದ್ದ ರೊಟ್ಟಿಯ ಚೂರನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.