ಗುಡಿಯ ತಿರುವಿನಲ್ಲಿ ಕೆಂಪು ಚೌಕ

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡ ಹೆಂಡತಿಗೆ ಕಾರು ಕೊಡುವುದೆಂದರೆ ಯಾವ ಗಂಡನಿಗೂ ಜೀವ ಬಾಯಿಗೆ ಬರುತ್ತದೆ. ನಮ್ಮ ಮನೆಯವರು, ಸಂಕರ್ಷಣ, ಕೀಯನ್ನು ಜೇಬಿನಿಂದ ಆಚೆಗೇ ತೆಗೆಯುತ್ತಿರಲಿಲ್ಲ. ಕೊನೆಗೆ ಕೊಡಿಸಿದವಳು ನನ್ನ ಅಣ್ಣನ ಮಗಳು ಇಂಚರಾ. ಹೊಸದಾಗಿ ಕಾರು ಕಲಿತವರಿಗಾಗಿ ಅವಳ ಕಂಪನಿಯವರು ಒಂದು ಗಾಜು ಮಾಡುತ್ತಿದ್ದಾರೆ. ಯಾರಾದರೂ ಅಡ್ಡ ಬಂದರೆ ಕಾರಿನ ಮುಂದಿನ ಗಾಜಿನ ಮೇಲೆಯೇ, ಅವರ ಸುತ್ತ, ಕೆಂಪು ಚೌಕ ಮೂಡುತ್ತದೆ. ಅದು ಯಾವಾಗ ಬರಬೇಕು, ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವವಳು ಇವಳು. ಪರೀಕ್ಷೆಗೆ ನನ್ನಂಥ ಹೊಸಬಳು ಬೇಕಾಗಿತ್ತು, ನಮ್ಮ ಕಾರಿಗೇ ಅದನ್ನು ಕೂರಿಸಿದಳು.

"ಒಂದೇ ಒಂದು ಎಡವಟ್ಟಾದ್ರೂ ಕೀ ವಾಪಸ್, ಗೋದಾ," ಎಂದರು ಇವರು.

ಮೊದಲ ದಿನ ಗಾಂಧಿಬಜಾರಿನಲ್ಲಿ ಗಾಜಿನ ತುಂಬ ಕೆಂಪೋ ಕೆಂಪು. ಹೂವಿನವಳು, ಆಟೋ, ಸೊಪ್ಪಿನ ಗಾಡಿ, ಸುಮ್ಮನೆ ಮಲಗಿದ್ದ ನಾಯಿ. ಒಂದೊಂದಕ್ಕೂ ಬ್ರೇಕ್ ಹಾಕಿ ಕಾಲು ಸೋತಿತು, ಹಿಂದಿನವರ ಹಾರ್ನಿಗೆ ತಲೆ ಚಿಟ್ಟು ಹಿಡಿಯಿತು.

"ಇದೇನೇ, ನಿನ್ನ ಗಾಜಿಗೆ ಊರೋರೆಲ್ಲ ಶತ್ರುಗಳಾ?" ಎಂದು ರೇಗಿದೆ.

"ಗುದ್ದೋ ಹಾಗಿದ್ರೆ ಮಾತ್ರ ಬರೋ ಥರ ಮಾಡ್ತೀನಿ ಅತ್ತೆ," ಎಂದಳು ಇಂಚರಾ.

ಮಾಡಿದಳು. ಮುಂದಿನ ವಾರ ಗಾಜು ಬಾಯಿ ಮುಚ್ಚಿಕೊಂಡಿತ್ತು. ನನಗೆ ಮಾತ್ರ ಕಸಿವಿಸಿ ತಪ್ಪಲಿಲ್ಲ. ಕೆಂಪು ಬಂದರೂ ಭಯ, ಬಾರದಿದ್ದರೂ ಭಯ.

ಹಾಗೇ ಆಂಜನೇಯನ ಗುಡಿಯ ತಿರುವು ಬಂತು. ನನ್ನ ಬಲಗೈ ಸ್ಟಿಯರಿಂಗ್ ಬಿಟ್ಟು ಎದೆ ಮುಟ್ಟಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಒಂದೇ ಕ್ಷಣ. ಬುದ್ಧಿ ಬಂದಾಗಿನಿಂದ ಆ ಗುಡಿಯನ್ನು ಹಾಗೆ ಮಾಡದೆ ದಾಟಿದವಳೇ ಅಲ್ಲ ನಾನು.

ಕಣ್ಣು ಬಿಟ್ಟರೆ ಗಾಜಿನ ನಟ್ಟನಡುವೆ ದೊಡ್ಡ ಕೆಂಪು ಚೌಕ, ಅದರೊಳಗೆ ಪಂಚೆಯುಟ್ಟ ಒಬ್ಬ ಮುದುಕರು. ಬ್ರೇಕ್ ತುಳಿದೆ. ಕಾರು ಅವರಿಂದ ಗೇಣು ದೂರದಲ್ಲಿ ನಿಂತಿತು. ಅವರು ನಡುರಸ್ತೆಯಲ್ಲೇ ಗುಡಿಯತ್ತ ತಿರುಗಿ, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ನಿಧಾನವಾಗಿ ಕೆನ್ನೆ ಮುಟ್ಟಿಕೊಂಡು ಆಚೆ ದಾಟಿದರು. ತಾವು ಉಳಿದುಕೊಂಡದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಪಕ್ಕದ ಸೀಟಿನಲ್ಲಿ ಇಂಚರಾ ಬಿಳಿಚಿಕೊಂಡಿದ್ದಳು.

"ಯಾಕೇ ಕೂಗ್ಲಿಲ್ಲ ನೀನು?"

"ನಾನೂ ಕಣ್ಣು ಮುಚ್ಚಿದ್ದೆ ಅತ್ತೆ."

ಮುಚ್ಚಿದ ಕಣ್ಣಿಗೆ ಕೆಂಪು ತೋರಿಸಿ ಏನು ಪ್ರಯೋಜನ? ಅವಳ ಆಫೀಸಿನಲ್ಲಿ ಇದು ಒಬ್ಬರಿಗೂ ಹೊಳೆದಿರಲಿಲ್ಲವಂತೆ. "ಗುಡಿ ಬರೋ ಮುಂಚೇನೇ ಗಾಜು ಎಚ್ಚರಿಸ್ಬೇಕು, ಇಲ್ಲಾಂದ್ರೆ ಶಬ್ದ ಮಾಡ್ಬೇಕು," ಎಂದು ಗೊಣಗುತ್ತ ಉಗುರು ಕಚ್ಚಿದಳು. ಆಮೇಲೆ ಮೆಲ್ಲಗೆ, "ಮಾವಂಗೆ ಹೇಳ್ಬೇಡಿ. ಕೀ ಕಿತ್ಕೋತಾರೆ," ಎಂದಳು.

ಮನೆಗೆ ಬಂದವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಇವರಿಗೆ ಕಾಫಿ ಕೊಟ್ಟು ಅಡುಗೆಮನೆಗೆ ಹೋದೆ, ಮತ್ತೆ ಬಂದೆ, ಮತ್ತೆ ಹೋದೆ. ಆ ಮುದುಕರ ಮುಗಿದ ಕೈ ಕಣ್ಣಿಗೆ ಕಟ್ಟಿತ್ತು. ಕೊನೆಗೆ ನಡೆದದ್ದನ್ನೆಲ್ಲ ಹೇಳಿ ಕೀಯನ್ನು ಮೇಜಿನ ಮೇಲಿಟ್ಟುಬಿಟ್ಟೆ. ಇಡುವಾಗ ಅಳು ಬಂತು. ಅಷ್ಟು ಆಸೆಯಿತ್ತು ನನಗೆ ಅದರ ಮೇಲೆ.

ಇವರು ಬೈಯಲಿಲ್ಲ. ಲೋಟ ಕೆಳಗಿಟ್ಟರು.

"ಮೂವತ್ತು ವರ್ಷದಿಂದ ನಾನೂ ಅಲ್ಲಿ ಕಣ್ಣು ಮುಚ್ತೀನಿ ಕಣೇ," ಎಂದರು. "ನಿನ್ನ, ಮಕ್ಕಳ್ನ ಕೂರಿಸ್ಕೊಂಡು."

ಮಾರನೆಯ ಬೆಳಿಗ್ಗೆ ಕೀ ಮೇಜಿನ ಮೇಲೆಯೇ ಇತ್ತು. ಇವರು ಆಗಲೇ ಕಾರಿಗೆ ಹೋಗಿ ಪಕ್ಕದ ಸೀಟಿನಲ್ಲಿ ಕುಳಿತಿದ್ದರು. ಇಂಚರಾ ಗಾಜಿನಲ್ಲಿ ಇನ್ನೂ ಏನನ್ನೂ ಬದಲಾಯಿಸಿರಲಿಲ್ಲ. ತಿರುವು ಹತ್ತಿರವಾದಂತೆ ನನ್ನ ಬಲಗೈ ಚಡಪಡಿಸತೊಡಗಿತು. ಅದನ್ನು ಸ್ಟಿಯರಿಂಗಿಗೇ ಒತ್ತಿ ಹಿಡಿದೆ. ಪಕ್ಕದಲ್ಲಿ ಇವರ ಕೈ ಎದ್ದದ್ದು ಅರ್ಧಕ್ಕೇ ನಿಂತಿತು.

"ನೀವು ಕೈ ಮುಗೀರಿ," ಎಂದೆ, ರಸ್ತೆಯಿಂದ ಕಣ್ಣು ಕೀಳದೆ. "ನಂದೂ ಸೇರಿಸಿ."

ಇವರು ಕಣ್ಣು ಮುಚ್ಚಿ ಕೈಮುಗಿದರು.