ಇಂದ್ರವ್ವನ ಕರದಂಟು

ಬೆಳಿಗ್ಗೆಯೇ ನಮ್ಮ ಓಣಿಯಲ್ಲಿ ಪಟಾಕಿ ಹಾರಿಸಿಬಿಟ್ಟಿದ್ದರು. ಜಪಾನಿನಲ್ಲಿ ನಡೆದಿದ್ದ ಏಷ್ಯಾ ಕ್ರೀಡಾಕೂಟದ ಐವತ್ತು ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ನಮ್ಮ ಸ್ವಪ್ನಿಲ್ ಫೈನಲ್ ಮುಟ್ಟಿದ್ದ. ಫೈನಲ್ ಅದೇ ಮಧ್ಯಾಹ್ನ.

ಅವನು ನನ್ನ ಅಣ್ಣನ ಮಗ. ಅಣ್ಣ ತೀರಿಕೊಂಡ ಮೇಲೆ ನನ್ನ ಕೈಯಲ್ಲೇ ಬೆಳೆದವನು. ಊರ ಬಾವಿಗಳಿಗೆ ನಮ್ಮವರನ್ನು ಯಾರೂ ಇಳಿಸುತ್ತಿರಲಿಲ್ಲ. ಕಾಲುವೆಗೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹುಕ್ಕೇರಿ ಕಡೆಯ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾಗ, ಅರಭಾವಿ ಹತ್ತಿರ ಅವನ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಕಾಲುವೆಗೆ ನೂಕಿದವನು ನಾನೇ. ಬೈದು ಬೈದೇ ಈಜು ಕಲಿಸಿದೆ. ಬೇರೆ ರೀತಿ ಕಲಿಸಲು ನನಗೆ ಬರುವುದಿಲ್ಲ. ಆಮೇಲೆ ಬೆಳಗಾವಿಯ ಈಜುಕೊಳದ ಕೋಚ್ ಅವನನ್ನು ಕಂಡು ಕರೆದುಕೊಂಡು ಹೋದರು.

ಅಂಗಳ ತುಂಬ ಜನ. ಅವನ ತಾಯಿ, ನನ್ನ ವೈನಿ ಇಂದ್ರವ್ವ, ಎಲ್ಲರ ಕೈಗೂ ಕರದಂಟು ಇಡುತ್ತಿದ್ದಳು. ಸ್ವಪ್ನಿಲ್‌ಗೆ ಕಟ್ಟಿಕೊಟ್ಟು ಉಳಿದದ್ದು. ಅಂಟು, ಉತ್ತತ್ತಿ, ಒಣ ಕೊಬ್ಬರಿ, ಬೆಲ್ಲ ಹಾಕಿ ಅವಳು ಮಾಡುವ ಕರದಂಟಿಗೆ ಗೋಕಾಕದ ಅಂಗಡಿಯವರೂ ತಲೆ ಬಾಗಿಸಬೇಕು. ನಾನು ಒಂದು ತುಂಡು ಬಾಯಿಗೆ ಹಾಕಿದೆ. ಮೊದಲು ಸಿಹಿ. ಆಮೇಲೆ ನಾಲಿಗೆಯ ಹಿಂದೆ ಕಹಿ ಹತ್ತಿತು.

"ವೈನಿ, ಏನ ಹಾಕೀರಿ ಇದರಾಗ? ಕಹಿ ಆಗೈತಿ."

ಅವಳು ನನ್ನನ್ನು ಬದಿಗೆ ಎಳೆದಳು. "ಸಣ್ಣಗ ಮಾತಾಡೋ ಮಾರಾಯಾ. ಕುಲಗೋಡದ ದುಂಡಪ್ಪ ವಸ್ತಾದನ ಪುಡಿ ಅದು. ಪೈಲ್ವಾನ್ರಿಗೆ ಕೊಡೂದು. ನಮ್ಮ ಹುಡುಗಗ ತ್ರಾಣ ಬರ್ಲಿ ಅಂತ ಒಂದ ಮುಷ್ಟಿ ಬೆರಿಸೇನಿ. ಯಾರಿಗೂ ಹೇಳಬ್ಯಾಡ, ದೃಷ್ಟಿ ಆಗತೈತಿ."

ಅವಳಿಗೆ ಕಾಣದಂತೆ ಬಾಯಲ್ಲಿದ್ದದ್ದನ್ನು ಉಗುಳಿದೆ.

ಕಳೆದ ದೀಪಾವಳಿಗೆ ಬಂದಾಗ ಸ್ವಪ್ನಿಲ್ ನೆಗಡಿಯಿಂದ ಮಲಗಿದ್ದ. ನಾನು ಗುಳಿಗೆ ತಂದುಕೊಟ್ಟರೆ ಮುಟ್ಟಲಿಲ್ಲ. "ಕಾಕಾ, ಡಾಕ್ಟರ್‌ನ ಕೇಳದ ಏನೂ ನುಂಗಾಂಗಿಲ್ಲ. ಉಚ್ಚಿ ಹಿಡದು ತಪಾಸ ಮಾಡ್ತಾರ. ಅದರಾಗ ತ್ರಾಣದ ಔಷಧ ಸಿಕ್ರ ನಾಕ ವರ್ಷ ನೀರಿಗೆ ಇಳಿಯಾಕ ಬಿಡೂದಿಲ್ಲ. ಗೆದ್ದವ್ರನ್ನ ಅಂತೂ ಬಿಡೂದs ಇಲ್ಲ." ಒಬ್ಬ ಅಧಿಕಾರಿ ಎದುರಿಗೆ ನಿಂತು ನೋಡುತ್ತಾನೆ ಎಂದೂ ಹೇಳಿದ್ದ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. "ಉಚ್ಚಿ ಹೊಯ್ಯಾಕೂ ಪಂಚನಾಮೆ ಏನೋ?" ಎಂದು ನಾನೇ ಕೇಳಿದ್ದೆ.

ಬೇರೆಯವರು ಮುಚ್ಚಳ ತೆಗೆದ ಬಾಟಲಿಯಿಂದ ನೀರೂ ಕುಡಿಯದ ಹುಡುಗ, ತಾಯಿಯ ಕೈಯದು ಎಂಬ ಒಂದೇ ನಂಬಿಕೆಯಿಂದ ಕರದಂಟು ಕಟ್ಟಿಕೊಂಡು ಹೋಗಿದ್ದ.

ಬೇರೆ ದಿನವಾಗಿದ್ದರೆ ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದೆ. ಅವಳ ಮುಖ ನೋಡಿ ತಡೆದುಕೊಂಡೆ. ಅಷ್ಟು ಹಿಗ್ಗಿದ್ದಳು. ಮೋಟಾರ್ ಸೈಕಲ್ ಹತ್ತಿ ಕುಲಗೋಡಕ್ಕೆ ಹೊರಟೆ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಸ್ವಪ್ನಿಲ್‌ಗೆ ಫೋನ್ ಹಚ್ಚಿದೆ. ಬಂದ್ ಇತ್ತು.

ದುಂಡಪ್ಪ ವಸ್ತಾದ ಗರಡಿಮನೆಯ ಕಟ್ಟೆಯ ಮೇಲೆ ಕೂತು ಬಾದಾಮಿ ಕುಟ್ಟುತ್ತಿದ್ದ. ಊರೂರಿನ ಪೈಲ್ವಾನರನ್ನು ತಯಾರು ಮಾಡಿದ ಮುದುಕ.

"ಬಾರೋ ಲಗಮ್ಯಾ! ಪೇಢೆ ಎಲ್ಲಿ? ಬರಿಗೈಲೆ ಬಂದಿಯಲ್ಲೋ."

"ಪೇಢೆ ಇರ್ಲಿ. ನಮ್ಮ ವೈನಿಗೆ ಕೊಟ್ಟ ಪುಡಿಯಾಗ ಏನೈತಿ, ಅದನ್ನ ಹೇಳ್ರಿ."

"ಅಶ್ವಗಂಧಿ ಐತಿ, ಮುಸಳಿ ಬೇರು ಐತಿ. ಮ್ಯಾಲ ಒಂದು ಬಿಳಿ ಪುಡಿ."

"ಬಿಳೀದು ಯಾತರದ್ದು?"

"ಸಂತಿಗೆ ಒಬ್ಬಾಂವ ತರ್ತಾನ. ಗುಳಿಗಿ ಕುಟ್ಟಿ ತರ್ತಾನೋ, ಏನ ತರ್ತಾನೋ. ಎಂಟ ದಿನದಾಗ ರಟ್ಟಿ ಹೆಂಗ ಉಬ್ಬತಾವ ಗೊತ್ತೇನ?"

"ನಿಮ್ಮ ರಟ್ಟಿ ಸುಡ್ಲಿ! ಅಲ್ಲಿ ಹುಡುಗನ ಉಚ್ಚಿ ತಪಾಸ ಮಾಡ್ತಾರ್ರೀ!"

ಅವನು ನಕ್ಕ. "ನಮ್ಮ ಕುಸ್ತಿ ಕಣದಾಗ ಇಷ್ಟ ವರ್ಷ ಯಾವ ಮಗಾ ಉಚ್ಚಿ ಕೇಳಿಲ್ಲಪಾ."

ನನ್ನ ಕೈ ಮುಷ್ಟಿಯಾಗಿತ್ತು. ಆದರೆ ನನ್ನ ಮುಖ ನೋಡಿ ಅವನ ನಗು ತಾನೇ ನಿಂತಿತು. ಬಾದಾಮಿ ಕುಟ್ಟುವ ಕಲ್ಲು ಕೆಳಗಿಟ್ಟು, "ಖರೇನ ಹಿಡೀತಾರೇನು?" ಎಂದು ಕೇಳಿದ. ಆ ಪ್ರಶ್ನೆ ಕೇಳಿದ ಮೇಲೆ ಅವನನ್ನು ಹೊಡೆಯಲು ಆಗಲಿಲ್ಲ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ. "ಸ್ವಪ್ನ್ಯಾ, ಕರದಂಟು ತಿನಬ್ಯಾಡ. ಪೈಲ್ವಾನ್ ಪುಡಿ ಬಿದ್ದೈತಿ ಅದರಾಗ. ಅವ್ವಗ ತಿಳೀಲಿಲ್ಲ. ತಿಂದಿದ್ರ ನಿನ್ನ ಡಾಕ್ಟರ್‌ಗೆ ಹೇಳು." ಕಳಿಸಿದ್ದರ ಕೆಳಗೆ ಒಂದೇ ಗೀಟು ಬಿತ್ತು. ಅವನಿಗೆ ಮುಟ್ಟಿಲ್ಲ.

ಮಧ್ಯಾಹ್ನ ಅಂಬೇಡ್ಕರ್ ಭವನದಲ್ಲಿ ಟಿ.ವಿ. ಇಟ್ಟಿದ್ದರು. ಇಂದ್ರವ್ವನನ್ನು ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿ ಕೂರಿಸಿದ್ದರು. ನಾನು ಬಾಗಿಲ ಹತ್ತಿರ ನಿಂತೆ. ಹೆಂಗಸರು ಬುದ್ಧನ ಫೋಟೋಕ್ಕೆ ಮೇಣದಬತ್ತಿ ಹಚ್ಚಿದ್ದರು, ಕೆಲವರು ಲಕ್ಷ್ಮವ್ವನಿಗೂ ಹರಕೆ ಹೊತ್ತಿದ್ದರು. ಎಲ್ಲರೂ ಬೇಡುತ್ತಿದ್ದದ್ದು ಒಂದೇ: ಹುಡುಗ ಗೆಲ್ಲಲಿ. ನಾನೊಬ್ಬ ಬೇಡುತ್ತಿದ್ದೆ: ಸೋಲಲಿ. ಎಲ್ಲರಿಗಿಂತ ಹಿಂದೆ ಬರಲಿ. ಅವನ ಕಡೆ ಯಾರೂ ತಿರುಗಿ ನೋಡದಿರಲಿ. ಕಾಲುವೆಯ ದಂಡೆಗೆ ನಿಂತು "ಜೋರು ಹೊಡಿ, ಜೋರು ಹೊಡಿ" ಎಂದು ಬೈದ ನನಗೆ ಇದನ್ನು ಬೇಡುವ ಪಾಳಿ ಬಂದಿತ್ತು.

"ಲಗಮಣ್ಣಾ, ಯಾಕ ಹಂಗ ಬೆವತಿ? ನೀನೇನ ಜಿಗ್ಯಾಂವ?" ಎಂದು ಬಾಜೂ ನಿಂತಿದ್ದ ಸಿದ್ರಾಮ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು.

ಫೋನ್ ತೆಗೆದು ನೋಡಿದೆ. ಗೀಟು ಎರಡಾಗಿದ್ದವು. ನೋಡುತ್ತಿರುವಂತೆಯೇ ಅವು ನೀಲಿಯಾದವು. ಅವನು ನನ್ನ ಮಾತು ಕೇಳಿಸಿಕೊಂಡಿದ್ದ. ಫೈನಲ್‌ಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಉತ್ತರ ಬರುತ್ತದೆಂದು ಕಾಯ್ದೆ. ಬರಲಿಲ್ಲ.

ಟಿ.ವಿ.ಯಲ್ಲಿ ಈಜುಗಾರರು ಒಬ್ಬೊಬ್ಬರೇ ಬಂದರು. ಹೆಸರು ಕೂಗಿದಂತೆ ಕೈ ಎತ್ತಿದರು. ಏಳನೇ ಲೇನ್ ಸ್ವಪ್ನಿಲ್‌ನದು. ಆರನೆಯವನು ಬಂದ. ಆಮೇಲೆ ಎಂಟನೆಯವನು ಬಂದ.

"ನಮ್ಮಾಂವ ಎಲ್ಲಿ?" ಯಾರೋ ಕೇಳಿದರು. "ಸುಮ್ಮನಿರ್ರಿ, ಬರ್ತಾನ," ಎಂದು ಮತ್ತೊಬ್ಬರು ಗದರಿದರು.

ಸೀಟಿ ಆಯಿತು. ಏಳು ಜನ ಕಟ್ಟೆ ಹತ್ತಿ ಬಗ್ಗಿದರು. ಸದ್ದಾದ ಕೂಡಲೇ ನೀರಿಗೆ ಬಿದ್ದರು. ಈ ಪಂದ್ಯ ಉಸಿರು ಬಿಗಿಹಿಡಿದು ನೋಡುವುದರೊಳಗೆ ಮುಗಿಯುತ್ತದೆ. ಕೊಳದ ತುಂಬ ಬಿಳಿ ನೊರೆ. ನಡುವೆ ಆ ಒಂದು ಪಟ್ಟಿಯಲ್ಲಿ ಯಾರೂ ಇಲ್ಲ; ಅತ್ತಿತ್ತಲಿನ ತೆರೆ ಬಂದು ಅದನ್ನು ಸುಮ್ಮನೆ ಅಲುಗಿಸುತ್ತಿತ್ತು. ಕಾಲುವೆಯಲ್ಲಿ ಹುಡುಗ ಮುಳುಗಿ ಮೇಲೆ ಬರದಿದ್ದಾಗ ಆಗುತ್ತಿದ್ದ ಭಯವೇ ಆಗಲೂ ಆಯಿತು. ಯಾರು ಗೆದ್ದರೋ ನಾನು ನೋಡಲಿಲ್ಲ.

ಫೋನ್ ಹೊಡೆದುಕೊಂಡಿತು. ಹೊರಗೆ ಓಡಿದೆ.

"ಕಾಕಾ."

"ಎಲ್ಲಿದ್ದಿಯೋ?"

"ಒಂದು ಖೋಲ್ಯಾಗ ಕುಂಡ್ರಿಸ್ಯಾರ. ನಾನs ಹೋಗಿ ಕೋಚ್‌ಗೆ ಹೇಳಿದೆ. ಮುಂದ ಬಾಟ್ಲಿ ಇಟ್ಟಾರ. ಉಚ್ಚಿ ಬರವಲ್ದು ಕಾಕಾ."

"ಎಷ್ಟ ತಿಂದಿ?"

"ದಿನಾ ಒಂದು. ನಿನ್ನೆ ಅವ್ವನ ನೆನಪಾತು, ಎರಡು ತಿಂದೆ."

ಆ ಕಡೆ ಯಾರೋ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನು ಅವಸರದಿಂದ ಹೇಳಿದ: "ಫಲಿತಾಂಶ ಬರಾಕ ವಾರಗಟ್ಟಲೆ ಆಗತೈತಂತ. ಅವ್ವಗ ಹೇಳಬ್ಯಾಡ. ಆಕಿ ಜೀವಾ ಇಟ್ಕೊಳ್ಳೂದಿಲ್ಲ. ರಟ್ಟಿ ಹಿಡೀತು ಅಂತ ಹೇಳು." ಫೋನ್ ಕಟ್ಟಾಯಿತು.

ಒಳಗೆ ಬಂದೆ. ಇಂದ್ರವ್ವ ಎದ್ದು ನಿಂತಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ರಟ್ಟಿ ಹಿಡದೈತಂತ," ಎಂದೆ. "ಗಾಬ್ರಿ ಆಗೂದೇನಿಲ್ಲ."

ಭವನವೆಲ್ಲ ನಿಟ್ಟುಸಿರು ಬಿಟ್ಟಿತು. ಜನ ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಸಮಾಧಾನ ಹೇಳಿ ಚದುರಿದರು. ಅವಳು ಅಳಲಿಲ್ಲ. ಏನೋ ಯೋಚಿಸುತ್ತ ಮನೆಗೆ ಬಂದಳು. ನಾನು ಹಿಂದೆಯೇ ಬಂದೆ. ಇನ್ನೊಂದು ಸುಳ್ಳು ಹೇಳುವ ಪ್ರಸಂಗ ಬಾರದಿದ್ದರೆ ಸಾಕು ಎಂದುಕೊಂಡೆ.

ಅವಳು ಅಡುಗೆಮನೆಗೆ ಹೋಗಿ ಪುಡಿ ತಂದಿದ್ದ ಖಾಲಿ ಸ್ಟೀಲ್ ಡಬ್ಬಿ ತಂದಳು. ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ತಪ್ಪು ನಂದs ಐತಿ ಲಗಮಪ್ಪ," ಎಂದಳು. "ಕಹಿ ಆಗತೈತಿ ಅಂತ ಅಂಜಿ ಒಂದs ಮುಷ್ಟಿ ತಂದು ಹಾಕಿದೆ. ರಟ್ಟಿಗೆ ತ್ರಾಣ ಸಾಲಲಿಲ್ಲ. ನಾಳೆ ಕುಲಗೋಡಕ್ಕ ಹೋಗು. ಹುಡುಗ ತಿರುಗಿ ಬರೂದ್ರಾಗ ಮಾಡಿ ಇಡತೇನಿ. ಈ ಸಲ ಡಬ್ಬಿ ತುಂಬ ಹಾಕಿಸ್ಕೊಂಡ ಬಾ."

ಡಬ್ಬಿಯ ತಳದಲ್ಲಿ, ಸಂದಿಯಲ್ಲಿ, ಬಿಳಿ ಪುಡಿ ಇನ್ನೂ ಸ್ವಲ್ಪ ಅಂಟಿಕೊಂಡಿತ್ತು. ಎಂಥೆಂಥವರ ಮೇಲೆ ಒದರಿದ ಗಂಟಲು ನನ್ನದು. ಈಗ ದನಿ ಇಳಿಸಿದೆ.

"ವೈನಿ, ಇಲ್ಲೆ ಕುಂಡ್ರ್ರಿ," ಎಂದೆ.

"ಯಾಕೋ? ಹಿಟ್ಟು ನಾದೂದೈತಿ."

"ಕುಂಡ್ರ್ರಿ ಅಂದ್ನೆಲ್ಲ."

ಅವಳು ಕೂತಳು. ನಾನು ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟು, ಹೋಗಿ ಬಾಗಿಲು ಹಾಕಿ ಬಂದೆ.