ಲಿಂಗ್‌ಬೋಯಿ ಖೋ ಕೊಟ್ಟಳು

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವಾಗ ಸಿಗುವ ಒಂದು ಊರು. ಅಲ್ಲಿ ಚಿಕ್ಕಲಕ್ಷ್ಮಮ್ಮ ಅಂತ ಒಬ್ಬರು ಅಜ್ಜಿ ಇದ್ದಾರೆ. ಒಳ್ಳೆಯವರು, ಮನೆ ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವರಲ್ಲ. ಆದರೆ ತಾವು ಅಂದುಕೊಂಡದ್ದೇ ಸರಿ ಅನ್ನುವ ಹಟ ಇದೆಯಲ್ಲ, ಅದರಲ್ಲಿ ಇಡೀ ತಾಲ್ಲೂಕಿಗೇ ಮೊದಲು.

ಈ ಸಲ ಅವರ ಮಗ ಮೋಹನ್‌ಕುಮಾರ್ ಶುಂಠಿ ಹಾಕಿದ. ಕೆಲಸಕ್ಕೆ ದೂರದ ಮಣಿಪುರದಿಂದ ಒಂದು ಕುಟುಂಬ ಬಂತು. ಅಲ್ಲಿ ಗಲಭೆಯಾಗಿ ಇವರ ಮನೆ ಸುಟ್ಟುಹೋಗಿತ್ತು. ಒಂದಷ್ಟು ಕಾಲ ನಿರಾಶ್ರಿತರ ಶಿಬಿರದಲ್ಲಿದ್ದು, ಪರಿಚಯದವರೊಬ್ಬರನ್ನು ನಂಬಿಕೊಂಡು ಇಲ್ಲಿಯತನಕ ಬಂದಿದ್ದರು. ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗಳು, ಮೂರು ವರ್ಷದ ಮಗ. ಹೊಲದ ಅಂಚಿನ ತಗಡಿನ ಶೆಡ್ಡೇ ಅವರಿಗೆ ಮನೆಯಾಯಿತು.

ಮಗಳ ಹೆಸರು ಲಿಂಗ್‌ಬೋಯಿ. ಅಪ್ಪ ಅಮ್ಮ ಕಳೆ ಕೀಳಲು ಹೋದರೆ ಇವಳು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಶೆಡ್ಡಿನ ಮುಂದೆ ನಿಂತಿರುತ್ತಿದ್ದಳು. ಯಾರು ಮಾತಾಡಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಒಂದೆರಡು ದಿನ ನೋಡಿದರು. ಆಮೇಲೆ, "ಅಯ್ಯೋ ಪಾಪ, ಮೂಗಿ ಕಣ್ರವ್ವ ಆ ಎಣ್ಮಗ" ಎಂದು ಊರಿಗೆಲ್ಲ ಹೇಳಿಬಿಟ್ಟರು.

ಹೇಳಿ ಸುಮ್ಮನಾದರೇ? ಇಲ್ಲ. ದೇವರ ಮನೆಯ ಕೈಗಂಟೆಯನ್ನು ತಲೆಕೆಳಗು ಹಿಡಿದು, ಅದರ ತುಂಬ ನೀರು ಹಾಕಿ, ಒಂದು ತೊಟ್ಟೂ ಚೆಲ್ಲದಂತೆ ಹೊಲದವರೆಗೂ ಹಿಡಿದುಕೊಂಡು ಹೋದರು. ಗಂಟೆಯಲ್ಲಿ ನೀರು ಕುಡಿಸಿದರೆ ಮಾತು ಬಾರದ ಮಕ್ಕಳಿಗೆ ಮಾತು ಬರುತ್ತದೆ ಅನ್ನುವುದು ಅವರ ನಂಬಿಕೆ. ಹುಡುಗಿ ಹೆದರಿ ಹೆದರಿ ಅಷ್ಟನ್ನೂ ಕುಡಿದಳು. ಮಾತು ಬರಲಿಲ್ಲ, ಬಿಕ್ಕಳಿಕೆ ಬಂತು.

"ಇನ್ನೇನ್ಮಾಡಾದು. ನಮ್ ಕೊಟ್ಟಿಗೆ ಕೆಲ್ಸಕ್ಕೆ ಬರ್ಲಿ. ಹೊಟ್ಟೆ ತುಂಬ ಊಟ ಆಕ್ತೀನಿ" ಅಂದರು ಚಿಕ್ಕಲಕ್ಷ್ಮಮ್ಮ. ಹುಡುಗಿಯ ಅಪ್ಪ ಏನು ಹೇಳಿಯಾನು? ತಲೆಯ ಮೇಲಿನ ಸೂರು ಅವರದು. ತಲೆಯಾಡಿಸಿದ. ಮಾರನೆಯ ದಿನದಿಂದ ಲಿಂಗ್‌ಬೋಯಿ ಸಗಣಿ ಎತ್ತತೊಡಗಿದಳು. ತಮ್ಮ ಅಲ್ಲೇ ಕಂಬ ಹಿಡಿದುಕೊಂಡು ಕೂರುತ್ತಿದ್ದ.

ಈ ಸುದ್ದಿ ಊರಿನ ಸರ್ಕಾರಿ ಶಾಲೆಯ ಆಶಾರಾಣಿ ಮೇಡಂ ಕಿವಿಗೆ ಬಿತ್ತು. ಸ್ಕೂಟರ್ ಹತ್ತಿ ಬಂದೇಬಿಟ್ಟರು.

"ಸ್ಕೂಲ್ ಶುರುವಾಗಿ ತಿಂಗಳಾಯ್ತು ಲಕ್ಷ್ಮಮ್ಮೋರೆ. ಈ ಮಗು ಯಾಕೆ ಇಲ್ಲಿದೆ?"

"ಅದು ಮೂಗಿ ಕಣವ್ವ. ಮೂಗಿಗ್ಯಾತರ ಇಸ್ಕೂಲು?"

"ಯಾರ್ ಹೇಳಿದ್ದು? ನಾನು ಅವರಪ್ಪನ ಜೊತೆ ಹಿಂದಿಯಲ್ಲಿ ಮಾತಾಡಿ ಬಂದೆ. ಶೆಡ್ಡಲ್ಲಿ ತಮ್ಮನಿಗೆ ಅವಳ ಭಾಷೇಲಿ ದಿನಾ ಕಥೆ ಹೇಳ್ತಾಳಂತೆ. ಇಲ್ಲಿ ಕನ್ನಡ ಬರಲ್ಲ, ಜೊತೆಗೆ ಭಯ. ನಿಮ್ಮನ್ನ ಕರ್ಕೊಂಡ್ಹೋಗಿ ಮಣಿಪುರದ ಯಾವುದೋ ಊರಲ್ಲಿ ಬಿಟ್ಟು ಬಂದ್ರೆ ನೀವೂ ಮೂಗೀನೇ."

ಚಿಕ್ಕಲಕ್ಷ್ಮಮ್ಮನನ್ನು ಮೂಗಿ ಅಂದವರು ಈ ಭೂಮಿಯ ಮೇಲೆ ಈ ಮೇಡಂ ಒಬ್ಬರೇ ಇರಬೇಕು. ಅಜ್ಜಿಗೆ ನಗುವೂ ಬಂತು, ಸಿಟ್ಟೂ ಬಂತು. "ಅಂಗಲ್ಲ ಕಣವ್ವ, ಟೀಸಿ ಇಲ್ಲ, ಆಧಾರ್ ಇಲ್ಲ. ಎಲ್ಲಾ ಸುಟ್ಟೋಯ್ತಂತೆ. ನಾಳೆ ನಿಮ್ ಸಾಹೇಬ್ರು ಬಂದು ಕೇಳುದ್ರೆ ಏನಂತೀಯೆ?"

"ಕೇಳ್ಲಿ. ಆರರಿಂದ ಹದಿನಾಲ್ಕು ವರ್ಷದ ಮಗು ಬಂದ್ರೆ ಸೇರಿಸ್ಕೋಬೇಕು ಅಂತ ಕಾನೂನೇ ಇದೆ. ಟೀಸಿ ಇಲ್ಲ, ಹುಟ್ಟಿದ ದಿನದ ದಾಖಲೆ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಕಾಗದ ನಿಧಾನಕ್ಕೆ ಮಾಡಿಸ್ಕೊಬಹುದು. ಕಾಗದ ಸುಟ್ಟೋದ್ರೆ ಮಗು ವಯಸ್ಸೂ ಸುಟ್ಟೋಗುತ್ತಾ? ಆರನೇ ಕ್ಲಾಸಿಗೆ ಸೇರಿಸ್ಕೋತೀವಿ. ಹಿಂದೆ ಬಿದ್ದಿದ್ರೆ ಬೇರೆ ಕೂರಿಸಿ ಹೇಳ್ಕೊಡ್ತೀವಿ."

"ಆ ತಮ್ಮನ್ನ ಯಾರ್ ನೋಡ್ಕಂಡಾರು?"

"ಅಂಗನವಾಡಿ ಇರೋದು ಯಾಕೆ? ಅಲ್ಲಿ ಮೊಟ್ಟೆನೂ ಸಿಗುತ್ತೆ, ಆಟಾನೂ ಸಿಗುತ್ತೆ."

"ಶುಂಠಿ ಕಿತ್ಮೇಲೆ ಗಂಟುಮೂಟೆ ಕಟ್ಕಂಡ್ ಓಯ್ತಾರೆ. ಅಷ್ಟಕ್ಯಾಕೆ ಈ ಪಾಟಿ ರಾಮಾಯ್ಣ?"

ಆಶಾರಾಣಿ ನೆಲದ ಮೇಲಿದ್ದ ಸಗಣಿ ಮಂಕರಿಯನ್ನು ಕೈಗೆತ್ತಿಕೊಂಡರು. "ಈ ವಯಸ್ಸಿನ ಮಗು ಕೈಲಿ ಕೆಲಸ ಮಾಡಿಸೋದು ಅಪರಾಧ ಕಣಮ್ಮ. ಅದು ಹಾಗಿರ್ಲಿ. ನಿಮ್ಮ ಮೊಮ್ಮಗಳು ಮೇಘಶ್ರೀಗೂ ಹನ್ನೊಂದು ವರ್ಷ. ಸ್ಕೂಲ್ ಬಿಡಿಸಿ ಈ ಮಂಕರಿ ಅವಳ ತಲೆ ಮೇಲೆ ಇಡ್ತೀರಾ?"

ಅಜ್ಜಿ ಸೆರಗು ಸರಿಮಾಡಿಕೊಂಡರು, ಎಮ್ಮೆಯ ಕಡೆ ನೋಡಿದರು. "ಓಗ್ಲಿ ಬುಡಿ. ಹೋಬಳಿ ಆಟದ್ ದಿನ ಬತ್ತದಲ್ಲ, ಅಲ್ಲೀಗಂಟ ನೋಡ್ತೀನಿ. ಅಲ್ಲೂ ಇಂಗೇ ಬಾಯ್ ಮುಚ್ಕಂಡ್ ಕುಂತ್ರೆ ಕೊಟ್ಟಿಗೆಗೇ ವಾಪಸ್ ಕರಸ್ಕತೀನಿ" ಅಂದರು.

ಕಾನೂನಿಗೆ ಅಜ್ಜಿಯ ಅಪ್ಪಣೆ ಬೇಕಿಲ್ಲ, ನಿಜ. ಆದರೆ ಲಿಂಗ್‌ಬೋಯಿಯ ಅಪ್ಪನಿಗೆ ಬೇಕಿತ್ತು. ಅಜ್ಜಿ ಬಾ ಅಂದರೆ ಮಗಳನ್ನು ಕೊಟ್ಟಿಗೆಗೆ ಕಳಿಸದೆ ಇರುವ ಧೈರ್ಯ ಅವನಿಗೆ ಇರಲಿಲ್ಲ.

ಶಾಲೆಯಲ್ಲಿ ಮೇಘಶ್ರೀ ತನ್ನ ಪಕ್ಕದಲ್ಲೇ ಅವಳನ್ನು ಕೂರಿಸಿಕೊಂಡಳು. ಮರ ತೋರಿಸಿ ಮರ, ತಟ್ಟೆ ತೋರಿಸಿ ತಟ್ಟೆ ಅಂದಳು. ಲಿಂಗ್‌ಬೋಯಿ ಕಣ್ಣಲ್ಲೇ ಕಲಿತಳು. ಬರೆದು ತೋರಿಸಿದಳು, ಆದರೆ ದನಿ ಹೊರಡಲಿಲ್ಲ. ಹೋಬಳಿ ಕ್ರೀಡಾಕೂಟಕ್ಕೆ ಹುಡುಗಿಯರ ಖೋಖೋ ತಂಡ ತಯಾರಾಗುತ್ತಿತ್ತು. ಆಡುವ ಮನಸ್ಸಿದ್ದವರೆಲ್ಲ ತಂಡದವರೇ ಅನ್ನುವುದು ಆಶಾರಾಣಿ ಮೇಡಂ ಲೆಕ್ಕ. ಲಿಂಗ್‌ಬೋಯಿಯೂ ಮೈದಾನಕ್ಕೆ ಇಳಿದಳು.

"ಅಜ್ಜೀ, ಅವ್ಳು ಓಡದು ನೋಡ್ಬೇಕು ನೀನು" ಎಂದು ಮೇಘಶ್ರೀ ಒಂದು ಸಂಜೆ ಮನೆಗೆ ಬಂದವಳೇ ಶುರುಮಾಡಿದಳು. "ಯಾರ್ ಕೈಗೂ ಸಿಗಲ್ಲ. ಆದ್ರೆ ಅಟ್ಟಿಸ್ಕೊಂಡು ಹೋಗುವಾಗ ಕೂತಿರೋರ ಬೆನ್ನು ಮುಟ್ಟಿ ಖೋ ಅಂತ ಜೋರಾಗಿ ಕೂಗ್ಬೇಕಲ್ವ, ಕೂಗಲ್ಲ. ಸುಮ್ನೆ ಮುಟ್ತಾಳೆ. ಫೌಲ್ ಆಗೋಗುತ್ತೆ."

"ನಾನೇಳ್ನಿಲ್ವ?" ಅಂದರು ಅಜ್ಜಿ. ತಮ್ಮ ಮಾತೇ ಗೆದ್ದಿತೆಂದು ಒಳಗೊಳಗೇ ಖುಷಿ.

ಕ್ರೀಡಾಕೂಟದ ದಿನ ಬಂತು. ಏನು ಜನ, ಏನು ಗದ್ದಲ. ಮೋಹನ್‌ಕುಮಾರನ ಬೈಕಿನಲ್ಲಿ ಕೂತು ಅಜ್ಜಿಯೂ ಬಂದರು. ಪಕ್ಕದ ಮನೆಯ ಶಿವಗಂಗಮ್ಮ ಮೊದಲೇ ಬಂದು ಜಾಗ ಹಿಡಿದಿದ್ದರು. ಆಚೆ ಬದಿಯ ತಂತಿಬೇಲಿಯ ಹೊರಗೆ, ಒಳಗೆ ಬರಬಹುದೋ ಬಾರದೋ ಗೊತ್ತಾಗದೆ, ಲಿಂಗ್‌ಬೋಯಿಯ ಅಪ್ಪ ಅಮ್ಮ ನಿಂತಿದ್ದರು.

ಆಶಾರಾಣಿ ಮೇಡಂ ಹುಡುಗಿಯರು ಒಂದೊಂದೇ ಪಂದ್ಯ ಗೆದ್ದು ಫೈನಲ್ಲಿಗೇ ಬಂದುಬಿಟ್ಟರು. ಎದುರಾಳಿ ಪೇಟೆ ಶಾಲೆಯವರು, ಒಳ್ಳೆ ಬೂಟು ಹಾಕಿದವರು. ಕೊನೆಯ ಸರದಿಯಲ್ಲಿ ಅಟ್ಟಿಸಿಕೊಂಡು ಹೋಗುವವರು ಇವರು. ಪೇಟೆಯವರ ಅಂಕ ಇವರಿಗಿಂತ ಒಂದೇ ಒಂದು ಮುಂದೆ. ಇನ್ನೊಬ್ಬಳನ್ನು ಔಟ್ ಮಾಡಿದರೆ ಸಮಸಮ. ಎಲ್ಲರೂ ಎದ್ದು ನಿಂತರು. ಲಿಂಗ್‌ಬೋಯಿ ಓಡಿದಳು ನೋಡಿ, ಧೂಳೆದ್ದಿತು. ಕೂತಿದ್ದ ಹುಡುಗಿಯ ಬೆನ್ನು ಮುಟ್ಟಿದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಪೀಪಿ ಕೇಳಿಸಿತು. ಫೌಲ್.

"ಥೂ, ಆ ಮೂಗೀನ ಎತ್ತಾಕ್ರಿ ಆಚೆಗೆ" ಎಂದು ಜನರ ನಡುವಿನಿಂದ ಯಾರೋ ಕೂಗಿದರು. ನಾಲ್ಕಾರು ಜನ ನಕ್ಕರು. "ಮೂಗಿ, ಮೂಗಿ" ಎಂದು ಹುಡುಗರು ಶುರುಮಾಡಿದರು.

ಚಿಕ್ಕಲಕ್ಷ್ಮಮ್ಮನ ಕಿವಿಗೂ ಆ ಕೂಗು ಬಿತ್ತು. ಆ ಮಾತನ್ನು ಊರ ಬಾಯಿಗೆ ಹಾಕಿದವರು ಅವರೇ ತಾನೆ? ಅಂಕಣದ ಮಧ್ಯೆ ಆ ಮಗು ತಲೆ ತಗ್ಗಿಸಿ ನಿಂತಿತ್ತು. ಬೇಲಿಯಾಚೆ ಅದರ ತಾಯಿ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು. ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. ನಾಚಿಕೆ, ಸಂಕಟ, ಕೋಪ ಎಲ್ಲ ಒಟ್ಟಿಗೇ ಬಂತು.

"ಯಾವನ್ಲಾ ಅವ್ನು ಮೂಗಿ ಅಂದವ್ನು?" ಎಂದು ತಿರುಗಿ ನಿಂತರು. "ಅದ್ಕೆ ಎಸ್ರಿಲ್ವ? ಲಿಂಗ್‌ಬೋಯಿ ಕಣ್ಲಾ ಅದ್ರೆಸ್ರು. ಬಾಯಿದ್ರೆ ಸರ್ಯಾಗ್ ಕರಿ, ಇಲ್ದಿದ್ರೆ ಮುಚ್ಕಂಡ್ ನೋಡು."

ಕೂಗುತ್ತಿದ್ದ ಹುಡುಗರು ಹಿಂದಕ್ಕೆ ಸರಿದರು. ಆಶಾರಾಣಿ ಮೇಡಂ ಆಟಗಾರ್ತಿಯನ್ನು ಬದಲಾಯಿಸಲಿಲ್ಲ. ಸಾಲಿನಲ್ಲಿ ಕೂತಿದ್ದ ಮೇಘಶ್ರೀ ಕತ್ತು ಹಿಂದಕ್ಕೆ ತಿರುಗಿಸಿ ಕೂಗಿದಳು. "ನನ್ ಹತ್ರ ಬಾ ಲಿಂಗ್‌ಬೋಯಿ. ತಪ್ಪಾದ್ರೂ ಪರ್ವಾಗಿಲ್ಲ. ಕೂಗು."

ಆಟ ಮತ್ತೆ ಶುರು. ಪೇಟೆ ಹುಡುಗಿ ಕಂಬ ಸುತ್ತಿ ನುಸುಳಿದಳು. ಲಿಂಗ್‌ಬೋಯಿ ಅವಳ ಹಿಂದೆಯೇ. ಸಮಯ ಮುಗಿಯುತ್ತಾ ಬಂತು. ಓಡಿದಳು, ಬಾಗಿದಳು, ಮೇಘಶ್ರೀಯ ಬೆನ್ನಿಗೆ ಕೈ ಇಟ್ಟಳು.

"ಖೋ!"

ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನವರೂ ತಿರುಗಿ ನೋಡಿದರು. ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಮೈಯಲ್ಲಿ ಎಲ್ಲಿತ್ತೋ. ಮೇಘಶ್ರೀ ಚಂಗನೆ ಎದ್ದು ಮುಂದಕ್ಕೆ ಹಾರಿದಳು, ಕೈ ಚಾಚಿದಳು, ಮುಟ್ಟಿಯೂ ಮುಟ್ಟಿದಳು. ಆದರೆ ಅಷ್ಟರಲ್ಲಿ ಕೊನೆಯ ಪೀಪಿ ಊದಿಯಾಗಿತ್ತು.

ಸೋತರು. ಒಂದೇ ಒಂದು ಅಂಕದಿಂದ ಸೋತರು. ಆದರೆ ನಮ್ಮ ಹುಡುಗಿಯರಿಗೆ ಅದರ ಪರಿವೆಯೇ ಇಲ್ಲ. ಎಲ್ಲರೂ ಓಡಿಹೋಗಿ ಲಿಂಗ್‌ಬೋಯಿಯನ್ನು ತಬ್ಬಿಕೊಂಡು ಕುಣಿಯತೊಡಗಿದರು. ಅವಳೋ, ನಿಲ್ಲಿಸಲಾರದವಳ ಹಾಗೆ ಖೋ ಖೋ ಖೋ ಅನ್ನುತ್ತಾ ನಗುತ್ತಿದ್ದಳು. ಅಜ್ಜಿ ಚಪ್ಪಲಿ ಅಲ್ಲೇ ಬಿಟ್ಟು ಅಂಕಣಕ್ಕೆ ನುಗ್ಗಿ ಇಬ್ಬರು ಹುಡುಗಿಯರನ್ನೂ ಒಟ್ಟಿಗೆ ಅಪ್ಪಿಕೊಂಡರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಯಾರ್ ಮಗ ಅಕ್ಕ ಅದು, ಅಂಗ್ ಕೂಗಿದ್ದು?" ಎಂದು ಪಕ್ಕದೂರಿನ ಹೆಂಗಸೊಬ್ಬಳು ಶಿವಗಂಗಮ್ಮನನ್ನು ಕೇಳಿದಳು.

ಶಿವಗಂಗಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕಲಕ್ಷ್ಮಮ್ಮ ಅಲ್ಲಿಂದಲೇ ಹೇಳಿದರು. "ನಮ್ಮೂರ್ ಮಗ ಕಣವ್ವ."

ಆಮೇಲೆ ಬೇಲಿಯ ಹತ್ತಿರ ಹೋಗಿ ಲಿಂಗ್‌ಬೋಯಿಯ ತಾಯಿಯ ಕೈ ಹಿಡಿದು ಒಳಕ್ಕೆ ಕರೆತಂದರು. ಮಗನನ್ನು ಕರೆದರು. "ಲೋ ಮೋಹ್ನ, ಇವ್ರಿಗೆ ಇಂದೀಲಿ ಏಳ್ಲಾ. ಕೊಟ್ಟಿಗೆ ನಂದು, ಸಗಣಿ ನಾನ್ ಎತ್ಕತೀನಿ. ಮಗ ಇಸ್ಕೂಲಿಗೆ ಓಗ್ಲಿ. ಶುಂಠಿ ಕಿತ್ತಾಯ್ತು ಅಂತ ಇವ್ರನ್ನ ಕಳುಸ್ಬ್ಯಾಡ. ಬ್ಯಾರೆ ಕೆಲ್ಸ ಕೊಡು. ಮಗಿನ್ ಪರೀಕ್ಷೆ ಮುಗೀಗಂಟ ಆ ಶೆಡ್ಡು ಅವ್ರುದೇಯ."

ಮೋಹನ್‌ಕುಮಾರ್ ಅಷ್ಟನ್ನೂ ತನಗೆ ಬಂದ ಹಿಂದಿಯಲ್ಲಿ ಹೇಳಿದ. ಆ ತಾಯಿ ಚಿಕ್ಕಲಕ್ಷ್ಮಮ್ಮನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮೂರಲ್ಲೂ ಒಂದು ಶೆಡ್ ಇರಬಹುದು. ಹೊಲದ ಅಂಚಿನಲ್ಲೋ, ಕಟ್ಟಡ ಏಳುವ ಕಡೆಯೋ, ತೆಂಗಿನ ತೋಟದಲ್ಲೋ. ಮನೆ ಮಠ ಕಳೆದುಕೊಂಡು ಬಂದವರ ಮಗು ಅಲ್ಲಿ ಸುಮ್ಮನೆ ನಿಂತಿರಬಹುದು. ಟೀಸಿ ಇಲ್ಲ, ಆಧಾರ್ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವರ್ಷದ ನಡುವೆ ಬಂದರೂ ಶಾಲೆ ಸೇರಿಸಿಕೊಳ್ಳಲೇಬೇಕು. ಚಿಕ್ಕವರಿಗೆ ಅಂಗನವಾಡಿ ಇದೆ. ಮಗು ಕೆಲಸಕ್ಕೆ ಹೋಗುತ್ತಿದ್ದರೆ, ಕಷ್ಟದಲ್ಲಿದ್ದರೆ ೧೦೯೮ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಅಡ್ಡಹೆಸರು ಇಡಬೇಡಿ. ಆಟಕ್ಕೆ ಸೇರಿಸಿಕೊಳ್ಳಿ, ಗೆದ್ದರೂ ಸೋತರೂ ಸೇರಿಸಿಕೊಳ್ಳಿ. ಇವತ್ತೇ ಆ ಮಗುವಿನ ಹೆಸರು ಕೇಳಿ ತಿಳಿದುಕೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಮಗುವಿನ ಕೈ ಒಂದು ಕಡೆ, ಆ ಮಗುವಿನ ಕೈ ಇನ್ನೊಂದು ಕಡೆ ಹಿಡಿದುಕೊಂಡು ಶಾಲೆಗೆ ಹೋಗಿ.